ಕಿವಿಯ ಮಷಿನು: ಯಾವುದು, ಯಾರಿಗೆ?

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವ ಹಾದಿಯಲ್ಲಿ ದೋರನಹಳ್ಳಿ ಸಿಗುತ್ತದೆ. ಅಂಥ ಊರಿನ ಒಂದು ಪಡಸಾಲೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯರು ಊಟಕ್ಕೆ ಕುಳಿತಿದ್ದಾರೆ. “ಸಾಕಾ ಮುತ್ಯಾ?” ಎಂದು ಮೊಮ್ಮಗಳು ಕೇಳುತ್ತಾಳೆ. ಅವರ ಕಿವಿಗೆ ಬಿದ್ದದ್ದು “ಆಕಾ” ಎಂಬಷ್ಟೆ. ‘ಹಾಕಲೇ’ ಎಂದಿರಬೇಕೆಂದು ಊಹಿಸಿ “ಹೂಂ” ಎನ್ನುತ್ತಾರೆ. ಹುಡುಗಿ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾಳೆ!

ನಗು ಬರುವ ಸಂಗತಿಯೇ ಸರಿ. ಆದರೆ ಹೀಗೆ ನಾಲ್ಕು ಸಲ ನಗೆಗೀಡಾದ ಮನುಷ್ಯ ಐದನೆಯ ಸಲ ಮಾತಿಗೇ ಬರುವುದಿಲ್ಲ. ಅಡತಿ ಅಂಗಡಿಯಲ್ಲಿ ಹತ್ತಿಯ ಧಾರಣೆ ಕೇಳಲು ಮಗನನ್ನು ಕಳುಹಿಸಿ, ತಾನು ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾನೆ.

ಇಲ್ಲಿ ನಡೆದದ್ದೇನು? ನಮ್ಮ ಮಾತಿನಲ್ಲಿ ಅ, ಆ, ಉ ಮೊದಲಾದ ಸ್ವರಗಳು ಕೆಳಸ್ಥಾಯಿಯ, ಬಲವಾದ ಧ್ವನಿಗಳು. ಸ, ಹ, ಕ, ತ ಮುಂತಾದ ವ್ಯಂಜನಗಳು ಕ್ಷೀಣವಾದವು. ಅದರಲ್ಲಿಯೂ ಸಕಾರ ಬಹಳ ಎತ್ತರದ ಸ್ಥಾಯಿಯದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಎತ್ತರದ ಸ್ಥಾಯಿಯನ್ನೇ. ಆದುದರಿಂದ ನೀವು ಕಿರಿಚಿದಷ್ಟೂ ಸ್ವರವೇ ಹಿಗ್ಗುತ್ತದೆ, ವ್ಯಂಜನ ಅಲ್ಲಿಯೇ ಉಳಿಯುತ್ತದೆ. “ನನಗೆ ಕೇಳುತ್ತದೆ, ತಿಳಿಯುವುದಿಲ್ಲ” ಎಂದು ಹಿರಿಯರು ಹೇಳುವ ಮಾತು ಅಕ್ಷರಶಃ ನಿಜ.

ಒಳ್ಳೆಯ ಮಷಿನು ಮಾಡಬೇಕಾದ ಕೆಲಸ ಇದರಿಂದಲೇ ಹೊಳೆಯುತ್ತದೆ. ಎಲ್ಲವನ್ನೂ ಏರಿಸುವುದಲ್ಲ, ಯಾವುದು ಕುಂದಿದೆಯೋ ಅದನ್ನು, ಕುಂದಿದಷ್ಟೇ ಏರಿಸುವುದು. ಹಳೆಯ ಯಂತ್ರಗಳಿಗೆ ಈ ವಿವೇಚನೆ ಅಷ್ಟಾಗಿ ಇರಲಿಲ್ಲ. ಅಂದ ಹಾಗೆ, ಟ್ರಾನ್ಸಿಸ್ಟರು ರೇಡಿಯೋಗಿಂತ ಮೊದಲು ಹೊಕ್ಕದ್ದು ಕಿವಿಯ ಮಷಿನಿನೊಳಕ್ಕೆ. ಅದು 1952ರಲ್ಲಿ, ಟ್ರಾನ್ಸಿಸ್ಟರ್ ರೇಡಿಯೋ ಪೇಟೆಗೆ ಬಂದದ್ದು 1954ರಲ್ಲಿ. 1996ರ ಸುಮಾರಿಗೆ ಪೂರ್ಣ ಡಿಜಿಟಲ್ ಮಷಿನುಗಳು ಬಂದವು. ಇವು ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ, ಸ್ಥಾಯಿಗೊಂದರಂತೆ ಪಾಲು ಮಾಡಿ, ಪಿಸುಮಾತನ್ನು ಹೆಚ್ಚಾಗಿಯೂ ತಟ್ಟೆ ಬಿದ್ದ ಸದ್ದನ್ನು ಕಡಿಮೆಯಾಗಿಯೂ ಏರಿಸಬಲ್ಲವು.

ಆಕಾರದಲ್ಲಿಯೂ ಬಗೆಗಳುಂಟು. ಅಂಗಿಯ ಜೇಬಿನಲ್ಲಿಟ್ಟು ತಂತಿಯಿಂದ ಕಿವಿಗೆ ಜೋಡಿಸುವ ಪೆಟ್ಟಿಗೆ ಹಳೆಯದು; ಬಟ್ಟೆ ಉಜ್ಜಿದರೆ ಕರಕರ ಎನ್ನುತ್ತದೆ. ಆದರೂ ಬೆರಳು ನಡುಗುವವರಿಗೆ ಅದರ ದೊಡ್ಡ ಗುಂಡಿಯೇ ಅನುಕೂಲ. ಕಿವಿಯ ಹಿಂದೆ ಕೂಡುವ ಬಗೆ ಬಹುಮಂದಿಗೆ ಒಗ್ಗುತ್ತದೆ. ಮಕ್ಕಳಿಗಂತೂ ಇದೇ ತಕ್ಕದ್ದು. ಕಿವಿ ಬೆಳೆದಂತೆ ಅಚ್ಚನ್ನು ಮಾತ್ರ ಬದಲಿಸಿದರಾಯಿತು. ಕಿವಿಯೊಳಗೇ ಅಡಗುವ ಪುಟ್ಟ ಬಗೆ ನೋಟಕ್ಕೆ ಚೆಂದ, ಆದರೆ ಗುಗ್ಗೆ ಕಟ್ಟಿಕೊಳ್ಳುತ್ತದೆ. ತೀವ್ರ ಕಿವುಡಿಗೆ ಸಾಲದು. ಸದಾ ಸೋರುವ ಕಿವಿಗೂ ಹುಟ್ಟಿನಿಂದ ರಂಧ್ರವಿಲ್ಲದ ಕಿವಿಗೂ ಎಲುಬಿನ ಮೂಲಕ ಧ್ವನಿ ಮುಟ್ಟಿಸುವ ಸಾಧನವುಂಟು. ಮಷಿನಿನಿಂದ ಸಾಕಷ್ಟು ಪ್ರಯೋಜನ ಕಾಣದ ತೀವ್ರ ಕಿವುಡಿಗೆ, ಶಸ್ತ್ರಕ್ರಿಯೆಯಿಂದ ಒಳಗಿವಿಯಲ್ಲಿ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇರೆಯೇ ಇದೆ.

ಇವುಗಳಲ್ಲಿ ನಿಮ್ಮವರಿಗೆ ಯಾವುದು? ಅಂಗಡಿಯ ಗಾಜಿನ ಮುಂದೆ ನಿಂತು ತೀರ್ಮಾನಿಸುವ ವಿಷಯ ಇದಲ್ಲ. ಸಂತೆಯಲ್ಲಿ ಡಬ್ಬಿಯಲ್ಲಿಟ್ಟು ಮಾರುವ ಸಾಧನ ಎಲ್ಲ ಸದ್ದನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಉಳಿದ ಶ್ರವಣಕ್ಕೂ ಕೇಡಾಗಬಹುದು. ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರು ನೋಡಲಿ. ಗುಗ್ಗೆ ತೆಗೆದರೆ ವಾಸಿಯಾಗುವ ಕಿವುಡೂ ಉಂಟು. ಕಾಯಿಸಿದ ಎಣ್ಣೆಯನ್ನು ಮಾತ್ರ ಹಾಕಬೇಡಿ. ಆಮೇಲೆ ಶ್ರವಣತಜ್ಞರು ಸ್ಥಾಯಿ ಸ್ಥಾಯಿಗೂ ಅಳೆದು ನಕ್ಷೆ ಬರೆದು ಕೊಡುತ್ತಾರೆ. ಮಷಿನನ್ನು ಆ ನಕ್ಷೆಗೆ ಹೊಂದಿಸಬೇಕು. ಯಾದಗಿರಿಯ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಮುಂದಿನ ದಾರಿ ಕೇಳಿಕೊಳ್ಳಬಹುದು. ಈ ವಿದ್ಯೆಗೆಂದೇ 1960ರ ದಶಕದಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿದೆ. ಬಡವರಿಗೆ, ಆದಾಯದ ಮಿತಿಗೊಳಪಟ್ಟು, ಕೇಂದ್ರ ಸರಕಾರದ ಎಡಿಐಪಿ ಯೋಜನೆಯ ಮೂಲಕ 1981ರಿಂದ ಇಂಥ ಸಾಧನಗಳು ದೊರೆಯುತ್ತಿವೆ.

ಎಳೆಗೂಸಿನ ವಿಷಯದಲ್ಲಿ ಮಾತ್ರ ತಡಮಾಡಲಾಗದು. ಬಾಗಿಲು ದಡ್ಡನೆ ಬಡಿದರೂ ಬೆಚ್ಚದ ಮಗುವನ್ನು “ನಿಧಾನವಾಗಿ ಮಾತು ಬರುತ್ತದೆ” ಎಂದು ಬಿಡಬೇಡಿ. ಆರು ತಿಂಗಳೊಳಗೆ ಚಿಕಿತ್ಸೆ ಆರಂಭವಾದರೆ ಮಾತು ಕಲಿಯುವ ಹಾದಿ ಬಹಳ ಸುಗಮ.

ಮಷಿನು ತಂದ ಮೊದಲ ದಿನವೇ ಸಂತೆಗೆ ಹಾಕಿಕೊಂಡು ಹೋದವರು ಮರುದಿನ ಅದನ್ನು ಟ್ರಂಕಿನಲ್ಲಿಡುತ್ತಾರೆ. ವರ್ಷಗಟ್ಟಲೆ ಮೌನದಲ್ಲಿದ್ದ ಮಿದುಳಿಗೆ ಫ್ಯಾನಿನ ಗಾಳಿಯೂ ಗದ್ದಲವೇ. ಮೊದಲು ಮನೆಯಲ್ಲಿ ಒಬ್ಬರೊಡನೆ ಒಂದೆರಡು ಗಂಟೆ, ಬಳಿಕ ಅಂಗಳದಲ್ಲಿ, ಕೆಲವು ವಾರಗಳ ಮೇಲೆ ಸಂತೆಯಲ್ಲಿ. ಕುಯ್ ಎಂದು ಕೂಗಿದರೆ ಅನೇಕ ವೇಳೆ ಅಚ್ಚು ಸರಿಯಾಗಿ ಕೂತಿಲ್ಲವೆಂದೇ ಅರ್ಥ.

ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವಂಥದು. ಬೆವರು, ಧೂಳು ಮಷಿನಿಗೆ ಶತ್ರುಗಳು. ರಾತ್ರಿ ಒರೆಸಿ, ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿಡಿ. ಸೆಲ್ಲು ಎಲ್ಲಿ ಸಿಗುತ್ತದೆಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಗುಂಡಿಯಂಥ ಸತುವಿನ ಸೆಲ್ಲು ಗಾಳಿಯಿಂದ ನಡೆಯುವಂಥದು; ಮೇಲಿನ ಚೀಟಿ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು. ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ನುಂಗಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.