ಕಂಬಗಳ ಮೇಲಿನ ಪಾಠಶಾಲೆ

ಪಾಠಶಾಲೆಯನ್ನು ಸಂತೆಯಿಂದ ದೂರದಲ್ಲಿ ಕಟ್ಟಬೇಕೆಂಬುದು ನಮ್ಮಂಥ ಉಪಾಧ್ಯಾಯರ ಹಳೆಯ ವಾದ. ಆ ವಾದಕ್ಕೆ ಕಿವಿಗೊಡದ ಒಂದು ಊರಿನ ಸಂಗತಿಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಊರಿನ ಹೆಸರು ಮಾರ್ಕೆಟ್ ಹಾರ್ಬರೋ. ಇಂಗ್ಲೆಂಡಿನ ನಡುನಾಡಿನಲ್ಲಿ, ಲೆಸ್ಟರಿನಿಂದ ನಾರ್ಥಾಂಪ್ಟನ್ನಿಗೆ ಹೋಗುವ ಹಾದಿಯಲ್ಲಿ, ವೆಲ್ಯಾಂಡ್ ಎಂಬ ಸಣ್ಣ ನದಿಯ ಮಗ್ಗುಲಲ್ಲಿದೆ. ಸಂತೆ ಅದರ ಹೆಸರಿನಲ್ಲಿಯೇ ಉಂಟು. ೧೩ನೆಯ ಶತಮಾನದ ಮೊದಲ ಭಾಗದಲ್ಲಾಗಲೇ ಅಲ್ಲಿ ಸಂತೆ ನೆರೆಯುತ್ತಿತ್ತು. ಊರ ದೊಡ್ಡ ಬೀದಿ ಅಷ್ಟು ಅಗಲವಾಗಿರುವುದೂ ಅದರಿಂದಲೇ.

ಬೀದಿಯ ನಡುವೆ ಸಂತ ಡಯೊನಿಸಿಯಸನ ಚರ್ಚು. ಅದರ ಮೊನಚಾದ ಕಲ್ಲಿನ ಶಿಖರ ದೂರಕ್ಕೇ ಕಾಣುತ್ತದೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಸುತ್ತ ಸಮಾಧಿಗಳಿರುವುದು ವಾಡಿಕೆ. ಇಲ್ಲಿ ಒಂದೂ ಇಲ್ಲ. ಗ್ರೇಟ್ ಬೌಡನ್ ಎಂಬ ನೆರೆಯ ಹಳ್ಳಿಯದೇ ಮುಖ್ಯ ಚರ್ಚು, ಇದು ಅದರ ಶಾಖೆ ಮಾತ್ರವಾಗಿತ್ತು. ಸತ್ತವರನ್ನು ಸೇಂಟ್ ಮೇರಿ ಇನ್ ಆರ್ಡನ್ ಎಂಬಲ್ಲಿಗೆ ಒಯ್ಯುತ್ತಿದ್ದರು. ಆದುದರಿಂದ ಸಂತೆ ಚರ್ಚಿನ ಗೋಡೆಯವರೆಗೂ ಹಬ್ಬಲು ಎಡೆಯಾಯಿತು.

ನಮ್ಮ ಕಥೆಯ ಶಾಲೆ ಇರುವುದು ಈ ಚರ್ಚಿನ ಪಕ್ಕದಲ್ಲಿಯೇ. ಇದೇ ಊರಿನ ರಾಬರ್ಟ್ ಸ್ಮಿತ್ ಎಂಬ ಬಡವರ ಮನೆಯ ಹುಡುಗ ಲಂಡನ್ನಿಗೆ ಹೋಗಿ, ಆ ನಗರಾಡಳಿತದಲ್ಲಿ ದೊಡ್ಡ ಅಧಿಕಾರಿಯಾದ. ಕೈಯಲ್ಲಿ ಹಣ ಕೂಡಿದಾಗ ಹುಟ್ಟಿದೂರನ್ನು ಮರೆಯಲಿಲ್ಲ. ಅವನು ಸ್ಥಾಪಿಸಿದ ಶಾಲೆಗೆ ೧೬೧೪ರಲ್ಲಿ ಕಟ್ಟಡವೆದ್ದಿತು. ಆದರೆ ಶಾಲೆಗೆ ಸಿಕ್ಕ ಜಾಗ ಸಂತೆಯದು. ಬೆಣ್ಣೆ ಮಾರುವ ಹೆಂಗಸರನ್ನು ಎಬ್ಬಿಸುವುದೆ? ಎಬ್ಬಿಸಲಿಲ್ಲ. ದಪ್ಪ ಮರದ ಕಂಬಗಳನ್ನು ನೆಟ್ಟು, ಶಾಲೆಯನ್ನೇ ಮೇಲಕ್ಕೆತ್ತಿ ಕಟ್ಟಿದರು. ಕೆಳಗೆ, ಮಳೆಯಲ್ಲಿ ನೆನೆಯದಂತೆ, ಬೆಣ್ಣೆಯ ವ್ಯಾಪಾರ. ಮೇಲೆ, ಒಂದೇ ಕೊಠಡಿಯಲ್ಲಿ, ವ್ಯಾಕರಣ. ಹೊರಗಿನ ತೊಲೆಗಳ ಮೇಲೆ ಬೈಬಲ್ಲಿನ ವಾಕ್ಯಗಳು.

ಮೂವತ್ತು ವರ್ಷ ತರಗತಿಯಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡ ನನಗೆ ಆ ಕಾಲದ ಉಪಾಧ್ಯಾಯನ ನೆನಪಾಗಿ ಕನಿಕರ ಹುಟ್ಟುತ್ತದೆ. ಮೇಲೆ ಅವನು ಲ್ಯಾಟಿನ್ ವಿಭಕ್ತಿಗಳನ್ನು ಒಪ್ಪಿಸಿಕೊಳ್ಳುತ್ತಿರುವಾಗ ಕೆಳಗೆ ಚೌಕಾಸಿ ನಡೆದಿರಬೇಕು. ಹುಡುಗರ ಕಿವಿ ಯಾವ ಕಡೆಗಿತ್ತೆಂದು ಕೇಳಬೇಕೆ!

೧೬೪೫ರ ಜೂನ್ ೧೪ರಂದು ಸಮೀಪದ ನೇಸ್ಬಿಯಲ್ಲಿ ದೊರೆ ಒಂದನೆಯ ಚಾರ್ಲ್ಸನ ಸೈನ್ಯ ಪಾರ್ಲಿಮೆಂಟಿನ ಸೈನ್ಯಕ್ಕೆ ಸೋತಿತು. ಕ್ರಾಮ್‌ವೆಲ್ ಗೆಲುವಿನ ವಾರ್ತೆಯನ್ನು ಬರೆದು ಕಳುಹಿಸಿದ್ದು ಈ ಊರಿನಿಂದಲೇ. ಆಗ ಶಾಲೆಯ ಕಟ್ಟಡಕ್ಕೆ ಮೂವತ್ತೊಂದು ವರ್ಷ.

೧೯ನೆಯ ಶತಮಾನದಲ್ಲಿ ಶಾಲೆ ಕ್ಷೀಣಿಸಿ, ೧೮೬೯ರ ಹೊತ್ತಿಗೆ ಮತ್ತೆ ಚಿಗುರಿತು. ಆ ವರ್ಷ ತಾಯಿಯನ್ನು ಕಳೆದುಕೊಂಡ ಏಳು ವರ್ಷದ ಬಾಲಕನೊಬ್ಬನನ್ನು, ಈ ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಅವನ ತಂದೆಯ ಸೋದರ ಕರೆತಂದು ಇಲ್ಲಿಗೆ ಸೇರಿಸಿದ. ಆ ಬಾಲಕ ವಿಲಿಯಂ ಹೆನ್ರಿ ಬ್ರ್ಯಾಗ್. ಎಕ್ಸ್ ಕಿರಣಗಳಿಂದ ಹರಳುಗಳ ಒಳರಚನೆಯನ್ನು ಅರಿಯುವ ದಾರಿ ತೋರಿಸಿ, ೧೯೧೫ರಲ್ಲಿ ಮಗನೊಡನೆ ನೊಬೆಲ್ ಬಹುಮಾನ ಪಡೆದವರು. ಬೆಣ್ಣೆ ಸಂತೆಯ ನೆತ್ತಿಯ ಮೇಲೆ ಕಲಿತವರೂ ಕಲಿತರು ಎಂದ ಹಾಗಾಯಿತು. ನಮ್ಮ ವಾದ ಕೊಂಚ ಸಡಿಲವಾಯಿತು.

೧೮೯೨ರಲ್ಲಿ ಶಾಲೆ ಬೇರೆ ಕಟ್ಟಡಕ್ಕೆ ಹೋಯಿತು. ಹಿಂಬದಿಯಲ್ಲಿ ಸಿಮಿಂಗ್ಟನ್ ಮನೆತನದವರ ದೊಡ್ಡ ಇಟ್ಟಿಗೆಯ ಕಾರ್ಖಾನೆ ಎದ್ದಿತು; ಹೆಂಗಸರು ನಡು ಬಿಗಿಯಲು ಧರಿಸುತ್ತಿದ್ದ ಕಾರ್ಸೆಟ್ಟುಗಳನ್ನು ಅಲ್ಲಿ ಹೊಲಿಯುತ್ತಿದ್ದರು. ಆ ಉಡುಪಿನ ಕಾಲ ಮುಗಿಯಿತು. ಕಾರ್ಖಾನೆಯನ್ನು ಕೆಡವದೆ ಕೌನ್ಸಿಲಿನ ಕಚೇರಿ, ಪುಸ್ತಕ ಭಂಡಾರ, ವಸ್ತುಸಂಗ್ರಹಾಲಯಗಳಿಗೆ ಬಳಸಿಕೊಂಡರು. ಹಳೆಯ ಶಾಲೆಯ ಮೇಲಿನ ಕೊಠಡಿಯಲ್ಲಿ ಸಭೆ ಸಮಾರಂಭಗಳು ನಡೆಯುತ್ತವೆ. ಕೆಳಭಾಗಕ್ಕೆ ಇಂದಿಗೂ ಗೋಡೆಯಿಟ್ಟಿಲ್ಲ. ಮಳೆ ಬಂದರೆ ದಾರಿಹೋಕರು ಕಂಬಗಳ ನಡುವೆ ನಿಲ್ಲಬಹುದು.