ಮೊಣಕೈ ಎತ್ತರ



ಬೆಂಗಳೂರಿನ ಕಾಮಾಕ್ಷಿಪಾಳ್ಯ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಸುತ್ತಮುತ್ತ ಕೆಳಗೆ ಲೇತು, ಮೇಲೆ ಸಂಸಾರ ಇರುವ ಮನೆಗಳಿವೆ. ಕಾರು ನಿಲ್ಲಬೇಕಾದ ಜಾಗದಲ್ಲಿ ವರ್ಕ್‌ಶಾಪು.

ಇಂಥ ಶೆಡ್ಡುಗಳಲ್ಲಿ ದುಡ್ಡು ಕೊಟ್ಟರೂ ಸಿಗದ ಸೌಕರ್ಯಗಳಿರುತ್ತವೆ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಬರೆದಿರುತ್ತಾರೆ. ಯಾವುದು ವಾಪಸು ಬಂದಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಕೇಳಿ ಒಯ್ದ ಪಕ್ಕದ ಮನೆಯವರೂ ನೆನಪಾಗುತ್ತಾರೆ! ಶೆಲ್ಫಿನ ಅಡಿಗೆ ಜಾಮ್ ಬಾಟಲಿಯ ಮುಚ್ಚಳ ಹೊಡೆದು, ಬಾಟಲಿಯನ್ನು ಅದಕ್ಕೇ ತಿರುಗಿಸಿರುತ್ತಾರೆ. ಒಳಗಿನ ನಟ್ಟು, ಬೋಲ್ಟು ಹೊರಗಿನಿಂದಲೇ ಕಾಣುತ್ತವೆ.

ನನಗೆ ಹೆಚ್ಚು ಹಿಡಿಸುವುದು ಮಾತ್ರ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಬೆಂಚಿನ ವೈಸು. ಅದರ ದವಡೆ ನಿಂತವರ ಮೊಣಕೈ ಮಟ್ಟಕ್ಕಿರಬೇಕು. ಆಗ ಅರ ಸಮವಾಗಿ ಓಡುತ್ತದೆ, ಬೆನ್ನು ನೋಯುವುದಿಲ್ಲ. ಕುಳ್ಳಗಿನ ಅಪ್ಪ ಮಾಡಿದ ಬೆಂಚಿಗೆ ಎತ್ತರದ ಮಗ ಬಂದು ನಿಂತರೆ, ಬೆಂಚಿನ ಕಾಲಿನಡಿ ಮರದ ತುಂಡು ಕೊಡಲೇಬೇಕು. ಈ ಸಣ್ಣ ತಿದ್ದುಪಡಿಯಲ್ಲಿ ಒಬ್ಬ ಮನುಷ್ಯನ ಮೈಗೆ ಮರ್ಯಾದೆ ಇದೆ.

ಅಡುಗೆಮನೆಯ ಕಟ್ಟೆಯಲ್ಲಿ ಈ ಮರ್ಯಾದೆ ಕಾಣುವುದು ಅಪರೂಪ. ಅದನ್ನು ಮೇಸ್ತ್ರಿ ತನ್ನ ರೂಢಿಯಂತೆ ಕಟ್ಟಿಬಿಡುತ್ತಾನೆ. ಮನೆ ಕಟ್ಟಿಸುತ್ತಿರುವವರೇ, ಅಲ್ಲಿ ನಿಂತು ದುಡಿಯುವವರನ್ನು ಮೊದಲು ಒಂದು ಮಾತು ಕೇಳಿ.