ಮನೆಮಾತಿಗೂ ಬೇಕು ಒಂದು ತರಗತಿ

ಒಮ್ಮೆ ಚಿತ್ರೀಕರಣ ಮುಗಿಸಿಕೊಂಡು ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಲಂಬಾಣಿ ಅಜ್ಜಿ, ಜೊತೆಗೆ ಕಾಲೇಜು ಓದುವ ಮೊಮ್ಮಗ. ಅಜ್ಜಿ ತಮ್ಮ ಗೋರ್ ಬೋಲಿಯಲ್ಲಿ ಕೇಳುತ್ತಿದ್ದರು. ಹುಡುಗ ಎಲ್ಲಕ್ಕೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ. "ಯಾಕಪ್ಪಾ, ನಿನಗೆ ಆ ಭಾಷೆ ಬರಲ್ವಾ?" ಎಂದೆ. "ಅರ್ಥ ಆಗುತ್ತೆ ಸಾರ್, ಮಾತಾಡೋಕೆ ಬರಲ್ಲ" ಎಂದ. ಮುಂದೆ ಇವನ ಮಕ್ಕಳಿಗೆ ಅರ್ಥವಾದರೂ ಆದೀತೇ ಎಂಬ ಪ್ರಶ್ನೆ ಬಸ್ಸು ಹತ್ತಿದ ಮೇಲೂ ನನ್ನನ್ನು ಬಿಡಲಿಲ್ಲ.

ನಾನು ಓದಿದ್ದು ವಿಜ್ಞಾನ. ಕಣ್ಣಿನ ಬಣ್ಣ ವಂಶವಾಹಿಗಳ ಮೂಲಕ ತಾನಾಗಿ ಬರುತ್ತದೆ. ಭಾಷೆ ಹಾಗೆ ಬರುವುದಿಲ್ಲ. ಪ್ರತಿ ಮಗುವೂ ಅದನ್ನು ಮೊದಲಿನಿಂದ ಕಲಿಯಬೇಕು. ಒಂದು ತಲೆಮಾರು ಕಲಿಸುವುದನ್ನು ಬಿಟ್ಟರೆ ಸರಪಳಿ ಅಲ್ಲಿಗೇ ಕಡಿಯುತ್ತದೆ.

ನಾಡು ಬಿಟ್ಟು ಹೋದವರಿಗೆ ಇದು ಬೇಗ ತಿಳಿಯುತ್ತದೆ. ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಗ್ರೀಕರು ಮಕ್ಕಳಿಗೂ ಹದಿಹರೆಯದವರಿಗೂ ಸಂಜೆ ಮತ್ತು ಶನಿವಾರದ ಭಾಷಾ ತರಗತಿಗಳನ್ನು ನಡೆಸುತ್ತ ಬಂದಿದ್ದಾರೆ. ಆದರೂ ಅಲ್ಲಿ ಮನೆಯಲ್ಲಿ ಗ್ರೀಕ್ ಮಾತನಾಡುವವರು 2016ರ ಜನಗಣತಿಯಲ್ಲಿ ಸುಮಾರು 2.37 ಲಕ್ಷ ಇದ್ದದ್ದು 2021ಕ್ಕೆ 2.29 ಲಕ್ಷಕ್ಕೆ ಇಳಿಯಿತು. ಮನೆಯಲ್ಲಿ ಮಾತು ನಿಂತರೆ ತರಗತಿಯೊಂದೇ ಸಾಲದು.

ನಮ್ಮ ಕನ್ನಡಿಗರೂ ಈ ಕೆಲಸಕ್ಕೆ ಕೈ ಹಾಕಿದ್ದಾರೆ. ದುಬೈಯಲ್ಲಿ 'ಕನ್ನಡ ಮಿತ್ರರು' ಬಳಗ 2014ರಲ್ಲಿ ಕನ್ನಡ ಪಾಠಶಾಲೆ ತೆರೆಯಿತು. ವಾರದ ರಜೆಯಲ್ಲಿ ಉಚಿತ ಪಾಠ. ಕಲಿಸುವವರು ಸಂಬಳ ಪಡೆಯದ ಸ್ವಯಂಸೇವಕರು. ಮನೆಯಲ್ಲಿ ಮಗುವಿಗೆ ಸಿಗುವುದು ಊಟದ ಮಾತು, ಬೈಗುಳದ ಮಾತು. ತರಗತಿಯಲ್ಲಿ ಓರಗೆಯವರು ಸಿಗುತ್ತಾರೆ, ಓದು ಬರಹ ಬರುತ್ತದೆ. 'ಇದು ಬರೀ ಅಜ್ಜಿಯ ಭಾಷೆಯಲ್ಲ, ನನ್ನದೂ ಹೌದು' ಎಂಬ ಧೈರ್ಯ ಮೂಡುತ್ತದೆ.

ದುಬೈಯಲ್ಲಿ ಕನ್ನಡಕ್ಕೆ ಒದಗಿದ ಸ್ಥಿತಿಯೇ ಸವಳಂಗದ ಸುತ್ತಿನ ತಾಂಡಾಗಳಲ್ಲಿ ಗೋರ್ ಬೋಲಿಗೆ ಒದಗಿದೆ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ; ಫೆಬ್ರವರಿಯ ಜಾತ್ರೆಗೆ ಹಲವು ರಾಜ್ಯಗಳಿಂದ ಭಕ್ತರು ಬರುತ್ತಾರೆ. 2011ರ ಜನಗಣತಿಯಲ್ಲಿ ಲಂಬಾಡಿ ತಮ್ಮ ತಾಯ್ನುಡಿ ಎಂದವರು 32 ಲಕ್ಷಕ್ಕೂ ಹೆಚ್ಚು. ಆದರೆ ಅವರನ್ನೆಲ್ಲ ಹಿಂದಿಯ ಲೆಕ್ಕಕ್ಕೆ ಸೇರಿಸಲಾಗಿದೆ. ಭಾಷೆಗೆ ಸ್ವಂತ ಲಿಪಿಯಿಲ್ಲ. ನಮ್ಮಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ.

ಇದರಿಂದ ಕನ್ನಡಕ್ಕೆ ಕುಂದಾಗುವುದೇ ಎಂದು ನೀವು ಕೇಳಬಹುದು. ಇಲ್ಲ. ಮಕ್ಕಳು ಎರಡು ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯಬಲ್ಲರು. ದುಬೈಯಲ್ಲಿ ಕನ್ನಡ ಉಳಿಯಲಿ ಎನ್ನುವ ನಾವು ನಮ್ಮ ನೆರೆಯ ತಾಂಡಾದ ಮಾತು ಹೋಗಲಿ ಎನ್ನಲಾದೀತೇ?

ಇದಕ್ಕೆ ಕಟ್ಟಡ ಬೇಡ, ಹಣ ಬೇಡ. ಭಾನುವಾರ ಒಂದು ಗಂಟೆ, ಒಂದು ಜಗಲಿ, ಹತ್ತು ಮಕ್ಕಳು ಸಾಕು. ಅಜ್ಜಿಯೇ ಮೇಷ್ಟ್ರು. ಅವರು ಹೇಳಿದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ನಿಮ್ಮ ಕೆಲಸ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಬ್ಯಾರಿ ಆಡುವವರಿಗೂ ಈ ಮಾತು ಸಲ್ಲುತ್ತದೆ.

ಈ ಸಂಜೆ ಅಜ್ಜಿ ಕೇಳುವ ಪ್ರಶ್ನೆಗೆ ಅವರ ಭಾಷೆಯಲ್ಲೇ ಉತ್ತರ ಕೊಟ್ಟು ನೋಡಿ. ತಪ್ಪಾದರೆ ಅವರು ನಕ್ಕಾರು, ತಿದ್ದಿಯಾರು. ಮೊದಲ ಪಾಠ ಅದೇ.